ಡಯಾಸ್ಟಾಸಿಸ್ ರೆಕ್ಟೈ: ಅಗಲ ಅಳೆದ ಮೇಲೆ ಬಿಗಿಯನ್ನೂ ನೋಡಿ

ಬಸಿರಿನಲ್ಲಿ ಹೊಟ್ಟೆಯ ಮುಂದಿನ ಎರಡು ಉದ್ದ ಸ್ನಾಯುಗಳ ನಡುವಿನ ಅಂತರ ಅಗಲವಾಗುವುದೇ ಡಯಾಸ್ಟಾಸಿಸ್ ರೆಕ್ಟೈ. ಈ ಪಾಠಕ್ಕೆ ಬಂದಾಗ ನಾವು ವಿದ್ಯಾರ್ಥಿಗಳೆಲ್ಲ ಮೊದಲು ಕೇಳುವುದು ಒಂದೇ: ಆ ಗ್ಯಾಪ್ ಎಷ್ಟು ಬೆರಳು ಅಗಲ? ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗುತ್ತದೆ, ಸರಿ. ಆದರೆ ಬಾಣಂತಿಯ ಹೊಟ್ಟೆಯ ಮೇಲೆ ಕೈ ಇಟ್ಟಾಗ ಇನ್ನೊಂದು ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಬೆರಳಿನ ಕೆಳಗೆ ಸಿಗುವುದು ಬಿಗಿಯೋ, ಮೆತ್ತಗೋ?

ಮೊದಲು ರಚನೆ. ಪಕ್ಕೆಲುಬಿನಿಂದ ಪ್ಯೂಬಿಕ್ ಮೂಳೆಯವರೆಗೆ ಎರಡು ಪಟ್ಟಿಗಳಂತೆ ಇಳಿಯುವ ಸ್ನಾಯು ರೆಕ್ಟಸ್ ಅಬ್ಡಾಮಿನಿಸ್. ಅವೆರಡರ ನಡುವೆ ಇರುವುದು ಲೀನಿಯಾ ಆಲ್ಬಾ. ಇದು ಸ್ನಾಯು ಅಲ್ಲ. ಪಕ್ಕದ ಮೂರು ಪದರದ ಸ್ನಾಯುಗಳ ಅಪೋನ್ಯೂರೋಸಿಸ್, ಅಂದರೆ ಹಾಳೆಯಂಥ ನಾರಿನ ತುದಿಗಳು, ಎರಡೂ ಕಡೆಯಿಂದ ಬಂದು ಇಲ್ಲಿ ಹೆಣೆದುಕೊಳ್ಳುತ್ತವೆ. ಗರ್ಭಕೋಶ ಬೆಳೆದ ಹಾಗೆ ಈ ಲೀನಿಯಾ ಆಲ್ಬಾ ಹಿಗ್ಗಿ ತೆಳ್ಳಗಾಗುತ್ತದೆ, ಹಾರ್ಮೋನುಗಳು ಅದನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಹಿಗ್ಗುತ್ತದೆ ಅಷ್ಟೇ, ಹರಿಯುವುದಿಲ್ಲ. ದಯವಿಟ್ಟು 'ಸ್ನಾಯು ಹರಿದಿದೆ' ಅಂತ ಯಾರಿಗೂ ಹೇಳಬೇಡಿ. ಆ ಮಾತು ಕೇಳಿದವಳು ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಾಳೆ.

ಹೆರಿಗೆಯೇ ಆಗದವರಲ್ಲೂ ಈ ಅಂತರ ಸೊನ್ನೆ ಇರುವುದಿಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆರಿಗೆಯಾಗದ 150 ಮಹಿಳೆಯರನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. ಹೊಕ್ಕುಳಿಂದ 3 ಸೆಂ.ಮೀ. ಮೇಲೆ 22 ಮಿ.ಮೀ.ವರೆಗೂ ಸಹಜ ಎಂದು ತೀರ್ಮಾನಿಸಿದರು. ನಾರ್ವೆಯಲ್ಲಿ ಮೊದಲ ಹೆರಿಗೆಯ 300 ಮಹಿಳೆಯರ ಮೇಲೆ ನಡೆದ, 2016ರಲ್ಲಿ ಬಂದ ಅಧ್ಯಯನದಲ್ಲಿ 6 ವಾರಕ್ಕೆ ಶೇ. 60, 6 ತಿಂಗಳಿಗೆ ಶೇ. 45, ಒಂದು ವರ್ಷಕ್ಕೆ ಸುಮಾರು ಶೇ. 33 ಮಂದಿಯಲ್ಲಿ ಗ್ಯಾಪ್ ಇತ್ತು. ಅಂದರೆ ಮೊದಲ ವಾರಗಳಲ್ಲಿ ಇದು ಇರುವವರೇ ಜಾಸ್ತಿ. ಇನ್ನೊಂದು ಮಾತು: ವರ್ಷದ ಕೊನೆಗೆ ಗ್ಯಾಪ್ ಇದ್ದವರಿಗೂ ಇಲ್ಲದವರಿಗೂ ಸೊಂಟನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 'ಗ್ಯಾಪ್ ಇದೆ, ಅದಕ್ಕೇ ಬೆನ್ನುನೋವು' ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ ಅಲ್ವಾ, ಅದು ಅಷ್ಟು ಸಲೀಸಲ್ಲ.

ಪರೀಕ್ಷೆ ಮಾಡುವಾಗ ನಾನು ಎಡವಿದ್ದು ಹೇಳುತ್ತೇನೆ. ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಹೊಕ್ಕುಳ ಮೇಲೆ ಬೆರಳುಗಳನ್ನು ಅಡ್ಡ ಇಟ್ಟೆ. 'ಮೂರು' ಅಂದೆ. ಮೇಡಂ ನಕ್ಕು, 'ತಲೆ ಎತ್ತಿಸಿದ್ದೀಯಾ?' ಎಂದು ಕೇಳಿದರು. ಎತ್ತಿಸಿರಲಿಲ್ಲ. ತಲೆ ಮತ್ತು ಭುಜ ಸ್ವಲ್ಪ ಎತ್ತಿಸಿದಾಗ ಅದೇ ಹೊಟ್ಟೆಯಲ್ಲಿ ಎರಡೇ ಬೆರಳು ಹಿಡಿಯಿತು. ಮೇಡಂ ಬೆರಳಿಗೆ ಎರಡಕ್ಕಿಂತ ಕಡಿಮೆ, ಯಾಕೆಂದರೆ ಅವರ ಬೆರಳು ನನ್ನದಕ್ಕಿಂತ ದಪ್ಪ! ಹಾಗಾಗಿ ಹೊಕ್ಕುಳಲ್ಲಿ, ಅದರ ಮೇಲೆ, ಕೆಳಗೆ ಮೂರೂ ಕಡೆ ನೋಡಿ. ಸುಮ್ಮನೆ ಮಲಗಿದಾಗಲೋ ತಲೆ ಎತ್ತಿದಾಗಲೋ ಎಂದು ಬರೆಯಿರಿ. ಮುಂದಿನ ಸಲವೂ ಅದೇ ಕೈಯಿಂದ ಅಳೆಯಿರಿ.

ಅಳೆದ ಮೇಲೆ ಬೆರಳನ್ನು ಮೆಲ್ಲಗೆ ಒತ್ತಿ. ಎಳೆದು ಕಟ್ಟಿದ ಬಟ್ಟೆಯ ಹಾಗೆ ತಡೆ ಸಿಕ್ಕರೆ ಒಳ್ಳೆಯದು. ನಾದಿದ ಹಿಟ್ಟಿನಲ್ಲಿ ಇಳಿದ ಹಾಗೆ ಬೆರಳು ಒಳಗೆ ಹೋದರೆ, ಅಗಲ ಕಡಿಮೆ ಇದ್ದರೂ ಕೆಲಸ ಇದೆ. ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಏಣು ಎದ್ದು ನಿಲ್ಲುತ್ತದೆಯೇ ಎಂದೂ ನೋಡಿ. ಅದೇ ಡೋಮಿಂಗ್.

ಈಗ ನಮ್ಮ ಬ್ಯಾಚಿನಲ್ಲಿ ಎಲ್ಲರೂ ತಲೆ ಕೆರೆದುಕೊಂಡ ಜಾಗ. ಕರ್ಲ್-ಅಪ್ ಮಾಡಿದರೆ, ಅಂದರೆ ಮಲಗಿ ತಲೆ, ಭುಜ ಎತ್ತಿದರೆ, ರೆಕ್ಟಸ್‌ನ ಎರಡು ಪಟ್ಟಿಗಳು ಹತ್ತಿರ ಬರುತ್ತವೆ. ಪಕ್ಕದ ಮೂರು ಪದರಗಳಲ್ಲಿ ಒಳಗಿನದಾದ ಟ್ರಾನ್ಸ್‌ವರ್ಸಸ್ ಸ್ನಾಯು ಬಿಗಿ ಮಾಡಿದರೆ ಗ್ಯಾಪ್ ಸ್ವಲ್ಪ ಅಗಲವಾಗುತ್ತದೆ! ಹಾಗಾದರೆ ಟ್ರಾನ್ಸ್‌ವರ್ಸಸ್ ಏಕೆ ಕಲಿಸುತ್ತೇವೆ? ಒಂದು ಕರ್ಚೀಫನ್ನು ಎರಡೂ ಕಡೆ ಹಿಡಿಯಿರಿ. ಕೈಗಳನ್ನು ಹತ್ತಿರ ತಂದರೆ ನಡುವೆ ಜೋತು ಬೀಳುತ್ತದೆ. ಪಕ್ಕಕ್ಕೆ ಎಳೆದರೆ ಅಗಲವಾಗುತ್ತದೆ, ಆದರೆ ಬಿಗಿಯಾಗುತ್ತದೆ. 2016ರಲ್ಲಿ ಸಂಶೋಧಕರಾದ ಡಯಾನ್ ಲೀ ಮತ್ತು ಪಾಲ್ ಹಾಡ್ಜಸ್ ಅಲ್ಟ್ರಾಸೌಂಡ್‌ನಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ. ಮೊದಲು ಟ್ರಾನ್ಸ್‌ವರ್ಸಸ್ ಬಿಗಿ ಮಾಡಿ ಆಮೇಲೆ ತಲೆ ಎತ್ತಿದಾಗ ಗ್ಯಾಪ್ ಅಷ್ಟು ಕಿರಿದಾಗಲಿಲ್ಲ, ಆದರೆ ಲೀನಿಯಾ ಆಲ್ಬಾ ಸುಕ್ಕಾಗುವುದು ಕಡಿಮೆಯಾಯಿತು.

ಟ್ರಾನ್ಸ್‌ವರ್ಸಸ್ ಬಿಗಿ ಮಾಡುವುದನ್ನು ಹೇಗೆ ಹೇಳಿಕೊಡುವುದು? 'ಹೊಟ್ಟೆ ಒಳಗೆ ಎಳ್ಕೊಳ್ಳಿ' ಅಂದರೆ ಉಸಿರು ಹಿಡಿದು, ಎದೆ ಎತ್ತಿ ಮಲಗುತ್ತಾರೆ. ಅದು ಬೇಡ. ಉಸಿರು ಒಳಗೆ ತಗೊಂಡಾಗ ಹೊಟ್ಟೆ, ಪಕ್ಕೆ ಅರಳಲಿ. ಬಾಯಿಂದ ನಿಧಾನವಾಗಿ ಊದುತ್ತಾ, ಮೂತ್ರ ತಡೆಯುವ ಹಾಗೆ ಪೆಲ್ವಿಕ್ ಫ್ಲೋರನ್ನು (ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು) ಮೆಲ್ಲಗೆ ಮೇಲೆತ್ತಲಿ. ಕಿಬ್ಬೊಟ್ಟೆ ತಾನಾಗಿ ಒಳಗೆ ಸರಿಯುತ್ತದೆ. ಸೊಂಟದ ಮುಂದಿನ ಮೂಳೆಯ ಒಳಬದಿಗೆ ನಿಮ್ಮ ಎರಡು ಬೆರಳು ಇಡಿ. ನಿಧಾನವಾದ ಬಿಗಿ ಸಿಗಬೇಕು. ಬೆರಳನ್ನು ಹೊರಗೆ ತಳ್ಳಿದರೆ ಜೋರು ಜಾಸ್ತಿಯಾಯಿತು ಎಂದರ್ಥ.

ಇದು ಬಂದ ಮೇಲೆ ಮಲಗಿ ಹಿಮ್ಮಡಿ ಜಾರಿಸುವುದು, ಮಡಚಿದ ಮಂಡಿಯನ್ನು ಪಕ್ಕಕ್ಕೆ ಇಳಿಸುವುದು, ಬ್ರಿಡ್ಜ್ (ಮಲಗಿ ಸೊಂಟ ಮೇಲೆತ್ತುವುದು), ಕುಳಿತು ಏಳುವುದು, ಸ್ಕ್ವಾಟ್, ಭಾರ ಎತ್ತುವುದು. ಡೋಮಿಂಗ್ ಕಂಡರೆ ಅಥವಾ ಉಸಿರು ಕಟ್ಟಿದರೆ ಒಂದು ಮೆಟ್ಟಿಲು ಹಿಂದೆ. ಕರ್ಲ್-ಅಪ್ ಜೀವನಪೂರ್ತಿ ನಿಷೇಧ ಎನ್ನುವುದು ಹಳೆಯ ಹೆದರಿಕೆ. 2023ರಲ್ಲಿ ಬಂದ ನಾರ್ವೆಯ ಇನ್ನೊಂದು ಪ್ರಯೋಗದಲ್ಲಿ 12 ವಾರ ಕರ್ಲ್-ಅಪ್ ಮಾಡಿಸಿದರೂ ಗ್ಯಾಪ್ ಹೆಚ್ಚಲಿಲ್ಲ. ಕಡಿಮೆಯೂ ಆಗಲಿಲ್ಲ, ಆದರೆ ಹೊಟ್ಟೆಯ ಸ್ನಾಯುಗಳಿಗೆ ಬಲ ಬಂತು. ವ್ಯಾಯಾಮದಿಂದ ಗ್ಯಾಪ್ ಮುಚ್ಚಿಯೇ ಬಿಡುತ್ತದೆ ಎಂದು ಮಾತು ಕೊಡದಿರುವುದು ನನಗೆ ಸರಿ ಅನ್ನಿಸುವುದು ಇದಕ್ಕೇ.

ದಿನಕ್ಕೆ ಹತ್ತು ನಿಮಿಷ ಮಾಡಿಸಿ, ಉಳಿದ ಹೊತ್ತಿನ ಬಗ್ಗೆ ಮಾತೇ ಆಡದಿದ್ದರೆ ಏನು ಪ್ರಯೋಜನ? ಹಾಸಿಗೆಯಿಂದ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಲಿ. ಮಗುವನ್ನು ಎತ್ತುವಾಗ ಉಸಿರು ಬಿಡುತ್ತಾ ಎತ್ತಲಿ. ಮಲಬದ್ಧತೆ ಇದೆಯೇ ಎಂದು ಕೇಳಲು ನಾಚಬೇಡಿ, ಮುಕ್ಕುವಾಗ ಒತ್ತಡವೆಲ್ಲ ನಡುಗೆರೆಗೆ ಬೀಳುತ್ತದೆ. ಹೊಟ್ಟೆಗೆ ಕಟ್ಟುವ ಬೆಲ್ಟ್ ಮೊದಲ ದಿನಗಳಲ್ಲಿ ಆಸರೆ ಅಷ್ಟೇ.

ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ರೆಕ್ಟಸ್ ಅನ್ನು ಕತ್ತರಿಸುವುದಿಲ್ಲ, ನಡುವೆ ಬಿಡಿಸಿ ಪಕ್ಕಕ್ಕೆ ಸರಿಸುತ್ತಾರೆ. ಉಸಿರಾಟದ ವ್ಯಾಯಾಮ ಬೇಗ ಶುರು ಮಾಡಬಹುದು. ಭಾರದ ಕೆಲಸ ಮಾತ್ರ ಗಾಯ ಮಾಗಿ, ವೈದ್ಯರು ನೋಡಿದ ಮೇಲೆ.

ಹೊಕ್ಕುಳ ಹತ್ತಿರ ಒಂದೇ ಕಡೆ ದುಂಡಗೆ ಗಂಟು ಬಂದರೆ ಹರ್ನಿಯಾ ಇರಬಹುದು, ಅದಕ್ಕೆ ಸರ್ಜನ್ ನೋಡಬೇಕು. ಗಂಟು ಗಟ್ಟಿಯಾಗಿ ನೋಯುತ್ತಿದ್ದು, ಒತ್ತಿದರೂ ಒಳಗೆ ಹೋಗದಿದ್ದರೆ ಅವತ್ತೇ ಕಳಿಸಿ. ಕೆಮ್ಮಿದಾಗ ಮೂತ್ರ ಸೋರುತ್ತದೆ, ಕೆಳಗೆ ಏನೋ ಜಾರಿದ ಹಾಗೆ ಭಾರ ಅನ್ನಿಸುತ್ತದೆ ಎಂದರೆ ಮೊದಲು ಪೆಲ್ವಿಕ್ ಫ್ಲೋರ್ ಪರೀಕ್ಷೆ ಆಗಲಿ, ಬ್ರಿಡ್ಜ್, ಸ್ಕ್ವಾಟ್ ಎಲ್ಲ ಆಮೇಲೆ.