ಪದ ಪರಿಚಯ: ಹಾರರ್ ಹೋಸ್ಟ್

ಟಿವಿಯಲ್ಲಿ ಹಳೇ ದೆವ್ವದ ಸಿನಿಮಾ ಹಾಕುತ್ತಾರೆ. ಶುರುವಾಗುವ ಮುಂಚೆ ಒಬ್ಬರು ರಕ್ತಪಿಶಾಚಿಯ ವೇಷದಲ್ಲೋ ಹುಚ್ಚು ವಿಜ್ಞಾನಿಯ ವೇಷದಲ್ಲೋ ಬಂದು ನಾಲ್ಕು ಮಾತಾಡುತ್ತಾರೆ. ಜಾಹೀರಾತು ಬಂದಾಗಲೆಲ್ಲ ಮತ್ತೆ ಕಾಣಿಸಿಕೊಂಡು ಸಿನಿಮಾವನ್ನೇ ಗೇಲಿ ಮಾಡುತ್ತಾರೆ. ಅಮೆರಿಕದಲ್ಲಿ ಇವರನ್ನು ಹಾರರ್ ಹೋಸ್ಟ್ ಅಂತ ಕರೆಯುತ್ತಾರೆ. 1950ರ ದಶಕದಿಂದ 80ರ ದಶಕದವರೆಗೆ ಅಲ್ಲಿನ ಎಷ್ಟೋ ಊರುಗಳಿಗೆ ತಮ್ಮದೇ ಆದ ಒಬ್ಬ ಹೋಸ್ಟ್ ಇದ್ದರು.

ಆ 'ತಮ್ಮದೇ' ಅನ್ನೋದು ಇಲ್ಲಿ ಮುಖ್ಯ. ಅಮೆರಿಕದ ಟಿವಿಯಲ್ಲಿ ದೊಡ್ಡ ನೆಟ್‌ವರ್ಕ್‌ಗಳ ಜೊತೆಗೆ ಊರೂರಿನ ಸ್ಟೇಷನ್‌ಗಳೂ ಇದ್ದವು. ತಡರಾತ್ರಿಯ ಹೊತ್ತನ್ನು ಅವರೇ ತುಂಬಿಸಿಕೊಳ್ಳಬೇಕಿತ್ತು. ಕೈಯಲ್ಲಿ ದುಡ್ಡು ಕಮ್ಮಿ. ಅದಕ್ಕೆ ಸ್ಟೇಷನ್‌ನಲ್ಲೇ ಇದ್ದ ಅನೌನ್ಸರ್‌ಗೋ ಹವಾಮಾನ ಹೇಳುವವರಿಗೋ ವೇಷ ಹಾಕಿಸಿ ಕ್ಯಾಮೆರಾ ಮುಂದೆ ನಿಲ್ಲಿಸುತ್ತಿದ್ದರು. ನಮ್ಮಲ್ಲಿ ಬಹಳ ಕಾಲ ದೂರದರ್ಶನ ಒಂದೇ ಇದ್ದಿದ್ದರಿಂದ ಇಂಥದ್ದಕ್ಕೆ ಜಾಗವೇ ಇರಲಿಲ್ಲ.

ಈ ಪರಂಪರೆಯ ಮೊದಲ ದೊಡ್ಡ ಹೆಸರು ವ್ಯಾಂಪೈರಾ. 1954ರಲ್ಲಿ ಲಾಸ್ ಏಂಜಲೀಸ್‌ನ ಕೆಎಬಿಸಿ ಸ್ಟೇಷನ್‌ನಲ್ಲಿ ಮೈಲಾ ನರ್ಮಿ ಅನ್ನುವ ನಟಿ ಈ ಪಾತ್ರ ಮಾಡಿದರು. ಕಪ್ಪು ಬಿಗಿ ಉಡುಪು, ನಂಬಲಾರದಷ್ಟು ಸಣ್ಣ ನಡು, ಉದ್ದನೆಯ ಉಗುರು. ಹೊಗೆ ತುಂಬಿದ ಕಾರಿಡಾರ್‌ನಲ್ಲಿ ನಡೆದು ಬಂದು ಕ್ಯಾಮೆರಾ ನೋಡಿ ಕಿಟಾರನೆ ಕಿರುಚುತ್ತಿದ್ದರು. ಆಮೇಲೆ ಏನೂ ಆಗದವರಂತೆ ತಣ್ಣಗೆ ಮಾತಿಗೆ ಕೂರುತ್ತಿದ್ದರು. ಶೋ ಒಂದೇ ನಗರದಲ್ಲಿ ಕಾಣುತ್ತಿದ್ದರೂ 'ಲೈಫ್' ಪತ್ರಿಕೆ ಅವರ ಫೋಟೊಗಳನ್ನು ಹಾಕಿತು. ಆದರೆ 1955ರಲ್ಲೇ ಶೋ ನಿಂತುಹೋಯಿತು. ಎಲ್ಲ ಲೈವ್ ಆಗಿ ಹೋಗುತ್ತಿದ್ದ ಕಾಲ ಅದು. ಇವತ್ತು ಆ ಶೋದ ಒಂದು ಪೂರ್ತಿ ಕಂತೂ ನೋಡಲು ಸಿಗೋದಿಲ್ಲ. ಉಳಿದಿರುವುದು ಚೂರುಪಾರು ದೃಶ್ಯ, ಫೋಟೊಗಳು ಮತ್ತು ನೋಡಿದವರ ನೆನಪು. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ವ್ಯಾಂಪೈರಾಗೆ ಸಿಕ್ಕಿದ್ದು ಹೆಚ್ಚಾಗಿ ಅಗ್ಗದ, ಹೆಸರಿಲ್ಲದ ಸಿನಿಮಾಗಳು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ನಂಥ ಯೂನಿವರ್ಸಲ್ ಸ್ಟುಡಿಯೋದ ಚಿತ್ರಗಳು ಆಗಿನ್ನೂ ಟಿವಿಗೆ ಬಂದಿರಲಿಲ್ಲ. 1957ರಲ್ಲಿ ಸ್ಕ್ರೀನ್ ಜೆಮ್ಸ್ ಕಂಪನಿ ಯೂನಿವರ್ಸಲ್‌ನ 52 ಹಳೇ ಚಿತ್ರಗಳನ್ನು 'ಶಾಕ್' ಅನ್ನುವ ಹೆಸರಲ್ಲಿ ಒಟ್ಟಿಗೆ ಕಟ್ಟಿ ಸ್ಟೇಷನ್‌ಗಳಿಗೆ ಮಾರಿತು. ಕೊಂಡವರು ಒಬ್ಬೊಬ್ಬ ಹೋಸ್ಟ್‌ನನ್ನೂ ಹುಟ್ಟಿಸಿಕೊಂಡರು. ಎಲ್ಲ ಊರಲ್ಲೂ ಸಿನಿಮಾ ಅದೇ, ಆದರೆ ಅದನ್ನು ತೋರಿಸುವ ಮುಖ ಬೇರೆ. ಹಾರರ್ ಹೋಸ್ಟ್ ಅನ್ನುವ ಕಲ್ಪನೆ ದೇಶದ ತುಂಬ ಬೇರು ಬಿಟ್ಟಿದ್ದು ಹೀಗೆ.

ಫಿಲಡೆಲ್ಫಿಯಾದಲ್ಲಿ ಜಾನ್ ಝಾಕರ್ಲಿ 'ರೋಲಂಡ್' ಆದರು. ಮರುವರ್ಷ ನ್ಯೂಯಾರ್ಕ್‌ಗೆ ಹೋಗಿ ತಮ್ಮ ಹೆಸರಿನಿಂದಲೇ ಪ್ರಸಿದ್ಧರಾದರು. ಸಿನಿಮಾ ಓಡುತ್ತಿರುವಾಗಲೇ ನಡುವೆ ತಮ್ಮ ದೃಶ್ಯ ತೂರಿಸುವ ಚಾಳಿ ಅವರದು. ದೆವ್ವದ ಪ್ರಾಸಗಳಿದ್ದ ಅವರ ಹಾಡೊಂದು 1958ರಲ್ಲಿ ಅಮೆರಿಕದ ಮೊದಲ ಹತ್ತು ಹಿಟ್‌ಗಳಲ್ಲಿ ಸೇರಿತು. 2016ರಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ.

ನನ್ನ ಮಟ್ಟಿಗೆ ಇವರೆಲ್ಲರಲ್ಲಿ ದೊಡ್ಡವರು ಕ್ಲೀವ್‌ಲ್ಯಾಂಡ್‌ನ ಗೂಲಾರ್ಡಿ. ಎರ್ನಿ ಆಂಡರ್ಸನ್ ಅನ್ನುವ ಅನೌನ್ಸರ್ 1963ರಿಂದ 1966ರವರೆಗೆ ಈ ವೇಷ ಹಾಕಿದರು. ಅಂಟಿಸಿದ ಗಡ್ಡ, ಒಂದು ಗಾಜೇ ಇಲ್ಲದ ಕನ್ನಡಕ, ಮೈಮೇಲೆ ಲ್ಯಾಬ್ ಕೋಟು. ಸಿನಿಮಾ ಚೆನ್ನಾಗಿಲ್ಲ ಅಂದರೆ ನೋಡಬೇಡಿ ಅಂತ ಅವರೇ ಹೇಳಿಬಿಡುತ್ತಿದ್ದರು! ರಾಕ್ಷಸ ಅಟ್ಟಿಸಿಕೊಂಡು ಬರುವ ದೃಶ್ಯದಲ್ಲಿ ತಾವೇ ಪರದೆ ಮೇಲೆ ಬಂದು ಓಡುತ್ತಿದ್ದರು. ಮಕ್ಕಳು ಕಳಿಸಿದ ಆಟದ ಮಾದರಿಗಳಿಗೆ ಸ್ಟುಡಿಯೋದಲ್ಲೇ ಪಟಾಕಿ ಇಟ್ಟು ಸಿಡಿಸುತ್ತಿದ್ದರು. ಪಕ್ಕದ ಪಾರ್ಮಾ ಪಟ್ಟಣದವರ ಬಿಳಿ ಸಾಕ್ಸನ್ನೂ ಪೋಲ್ಕಾ ಸಂಗೀತವನ್ನೂ ವಾರವಾರ ಕಾಲೆಳೆಯುತ್ತಿದ್ದರು. ಬೇರೆ ರಾಜ್ಯದವರಿಗೆ ಈ ಜೋಕು ಅರ್ಥವಾಗಲು ಸಾಧ್ಯವೇ ಇರಲಿಲ್ಲ. ಕ್ಲೀವ್‌ಲ್ಯಾಂಡ್ ಜನ ಅದಕ್ಕೇ ಅವರನ್ನು ತಮ್ಮವರು ಅಂದುಕೊಂಡಿದ್ದು. ಅವರ ಮಗ, ನಿರ್ದೇಶಕ ಪಾಲ್ ಥಾಮಸ್ ಆಂಡರ್ಸನ್, ತಮ್ಮ ನಿರ್ಮಾಣ ಸಂಸ್ಥೆಗೆ ಗೂಲಾರ್ಡಿ ಹೆಸರನ್ನೇ ಇಟ್ಟಿದ್ದಾರೆ.

ಪಿಟ್ಸ್‌ಬರ್ಗ್‌ನಲ್ಲಿ ಬಿಲ್ ಕಾರ್ಡಿಲ್ ಇದ್ದರು. ಅವರದು ವೇಷವಿಲ್ಲದ ಶೋ. 1963ರಿಂದ ಇಪ್ಪತ್ತು ವರ್ಷ ನಡೆಯಿತು. ಆ ಊರಿನ ಸುತ್ತಮುತ್ತಲೇ ತೆಗೆದ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಲ್ಲಿ ಟಿವಿ ವರದಿಗಾರನಾಗಿ ಬರುವವರು ಇವರೇ. 1981ರಲ್ಲಿ ಲಾಸ್ ಏಂಜಲೀಸ್‌ನಿಂದ ಎಲ್ವೈರಾ ಬಂದರು, ಅಂದರೆ ಕ್ಯಾಸಂಡ್ರಾ ಪೀಟರ್ಸನ್. ಇದು ತಮ್ಮ ಪಾತ್ರದ ನಕಲು ಅಂತ ನರ್ಮಿ ಕೋರ್ಟಿಗೆ ಹೋದರು, ಗೆಲ್ಲಲಿಲ್ಲ.

ಆ ಹೊತ್ತಿಗೆ ಕಾಲ ಬದಲಾಗುತ್ತಿತ್ತು. ಕೇಬಲ್ ಬಂತು, ವಿಡಿಯೊ ಕ್ಯಾಸೆಟ್ ಬಂತು. ತಡರಾತ್ರಿಯ ಹೊತ್ತನ್ನು ಅರ್ಧರ್ಧ ಗಂಟೆಯ ಜಾಹೀರಾತು ಕಾರ್ಯಕ್ರಮಗಳಿಗೆ ಮಾರಿದರೆ ಸ್ಟೇಷನ್‌ಗೆ ಜಾಸ್ತಿ ಲಾಭ. ಹೋಸ್ಟ್‌ಗಳು ಒಬ್ಬೊಬ್ಬರಾಗಿ ಮಾಯವಾದರು.

ಉಳಿದುಕೊಂಡವರಲ್ಲಿ ಷಿಕಾಗೋದ ಸ್ವೆಂಗೂಲಿ ಮುಖ್ಯ. 1970ರಲ್ಲಿ ಜೆರಿ ಜಿ. ಬಿಷಪ್ ಶುರು ಮಾಡಿದ ಪಾತ್ರ ಇದು. ಅವರ ಶೋಗೆ ಜೋಕು ಬರೆದು ಕಳಿಸುತ್ತಿದ್ದ ಅಭಿಮಾನಿ ರಿಚ್ ಕಾಜ್ 1979ರಲ್ಲಿ 'ಸ್ವೆಂಗೂಲಿಯ ಮಗ' ಆಗಿ ಬಂದರು. ಮುಂದೆ ಬಿಷಪ್ ಅವರ ಒಪ್ಪಿಗೆಯಿಂದಲೇ ಸ್ವೆಂಗೂಲಿ ಆದರು. 2011ರಿಂದ ಹಳೇ ಕಾರ್ಯಕ್ರಮಗಳನ್ನು ಹಾಕುವ ಮಿಟಿವಿ ಅನ್ನುವ ಟಿವಿ ಜಾಲದ ಮೂಲಕ ಇಡೀ ದೇಶ ಅವರನ್ನು ನೋಡುತ್ತಿದೆ. ಕೆಟ್ಟ ಜೋಕು ಹೇಳಿದರೆ ಅವರ ಮೇಲೆ ರಬ್ಬರ್ ಕೋಳಿಗಳು ಬೀಳುತ್ತವೆ. ಷಿಕಾಗೋ ಪಕ್ಕದ ಬರ್ವಿನ್ ಊರಿನ ಹೆಸರನ್ನು ರಾಗವಾಗಿ ಎಳೆದು ಕೂಗುವ ಅಭ್ಯಾಸವನ್ನು ಅವರು ಬಿಟ್ಟಿಲ್ಲ. ಬರ್ವಿನ್ ಎಲ್ಲಿದೆ ಅಂತ ಗೊತ್ತಿಲ್ಲದವರೂ ಈಗ ಅವರ ಜೊತೆ ಕೂಗುತ್ತಾರೆ.