ನಾನೇ ಅಡ್ಮಿನ್, ಆದರೂ ಬ್ಯಾಕಪ್‌ಗೆ ‘ಆ್ಯಕ್ಸೆಸ್ ಡಿನೈಡ್’ ಯಾಕೆ?

ಪ್ರಶ್ನೆ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ (ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರ್) ಬ್ಯಾಕಪ್ ತೆಗೆಯಲು ಹೋದರೆ ‘ಆಪರೇಟಿಂಗ್ ಸಿಸ್ಟಮ್ ಎರರ್ 5, ಆ್ಯಕ್ಸೆಸ್ ಈಸ್ ಡಿನೈಡ್’ ಅಂತ ಬರುತ್ತಿದೆ. ಮಷೀನಿಗೂ ಡೇಟಾಬೇಸಿಗೂ ನಾನೇ ಅಡ್ಮಿನ್. ಅದೇ ಫೋಲ್ಡರಿಗೆ ನಾನು ಬೇರೆ ಫೈಲ್ ಹಾಕಿದರೆ ಸುಮ್ನೆ ಕೂರುತ್ತದೆ. ಇದಕ್ಕೇನು ಮಾಡಲಿ?

ಉತ್ತರ: ಬ್ಯಾಕಪ್ ಫೈಲನ್ನು ಡಿಸ್ಕಿಗೆ ಬರೆಯುವುದು ನೀವಲ್ಲ, ಎಸ್‌ಕ್ಯೂಎಲ್ ಸರ್ವರ್‌ನ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಅದರ ಪ್ರೋಗ್ರಾಂ. ಅದು ಓಡುವುದು ತನ್ನದೇ ಅಕೌಂಟಿನಲ್ಲಿ. ಆ ಅಕೌಂಟಿಗೆ ಫೋಲ್ಡರಿನಲ್ಲಿ ಬರೆಯುವ ಪರ್ಮಿಷನ್ ಇಲ್ಲದಿದ್ದರೆ ನೀವು ಎಷ್ಟು ದೊಡ್ಡ ಅಡ್ಮಿನ್ ಆಗಿದ್ದರೂ ಈ ಎರರ್ ಬಂದೇ ಬರುತ್ತದೆ. (ಎರರ್ 262 ಬಂದರೆ ಮಾತ್ರ ನಿಮ್ಮ ಲಾಗಿನ್‌ಗೇ ಬ್ಯಾಕಪ್ ಹಕ್ಕಿಲ್ಲ ಎಂದರ್ಥ, ಅದು ಬೇರೆ ಕಥೆ.)

ಮೊದಲು ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಷನ್ ಮ್ಯಾನೇಜರ್ ತೆರೆದು, ಸರ್ವಿಸ್ ಎದುರಿನ ‘ಲಾಗ್ ಆನ್ ಆ್ಯಸ್’ ಕಾಲಮ್ ನೋಡಿ. ಸಾಮಾನ್ಯವಾಗಿ ‘ಎನ್‌ಟಿ ಸರ್ವಿಸ್’ ಅಂತ ಶುರುವಾಗುವ ಹೆಸರಿರುತ್ತದೆ. ಆಮೇಲೆ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿಗೆ ಹೋಗಿ ಆ ಹೆಸರನ್ನು ಸೇರಿಸಿ ‘ಮಾಡಿಫೈ’ ಕೊಡಿ. ಜಾಸ್ತಿ ಜನ ಎಡವುವುದು ಇಲ್ಲೇ: ‘ಲೊಕೇಷನ್ಸ್’ ಜಾಗದಲ್ಲಿ ಡೊಮೇನ್ (ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಒಟ್ಟಿಗೆ ನಿರ್ವಹಿಸುವ ನೆಟ್‌ವರ್ಕ್) ಇದ್ದರೆ ಈ ಹೆಸರು ಸಿಗುವುದೇ ಇಲ್ಲ, ಅಲ್ಲಿ ಆ ಮಷೀನನ್ನೇ ಆರಿಸಿ ಪೂರ್ತಿ ಹೆಸರನ್ನು ಕೈಯಾರೆ ಟೈಪ್ ಮಾಡಬೇಕು. ಸರ್ವಿಸ್ ರೀಸ್ಟಾರ್ಟ್ ಬೇಕಿಲ್ಲ.

ದಯವಿಟ್ಟು ‘ಎವ್ರಿವನ್’ಗೆ ‘ಫುಲ್ ಕಂಟ್ರೋಲ್’ ಕೊಟ್ಟು ಕೈತೊಳೆದುಕೊಳ್ಳಬೇಡಿ. ಕೆಲಸ ಆಗುತ್ತದೆ, ನಿಜ. ಆದರೆ ಎನ್‌ಕ್ರಿಪ್ಟ್ ಮಾಡದ ಬ್ಯಾಕಪ್ ಫೈಲ್ ಯಾರ ಕೈಗೆ ಸಿಕ್ಕರೂ ಅವರು ತಮ್ಮ ಸರ್ವರಿನಲ್ಲಿ ರೀಸ್ಟೋರ್ ಮಾಡಿಕೊಂಡು ಗ್ರಾಹಕರ ಫೋನ್ ನಂಬರು, ನೌಕರರ ಸಂಬಳ ಎಲ್ಲವನ್ನೂ ಓದಬಹುದು. ನಿಮ್ಮನ್ನು ನಂಬಿ ಕೊಟ್ಟ ಮಾಹಿತಿ ಅಲ್ವಾ ಅದು?

ನೆಟ್‌ವರ್ಕ್ ಜಾಗಕ್ಕೆ ಬ್ಯಾಕಪ್ ಹಾಕುವುದಾದರೆ ‘ಝಡ್’ ಡ್ರೈವ್ ಅಂತ ಮ್ಯಾಪ್ ಮಾಡಿದ್ದು ನಿಮ್ಮ ಲಾಗಿನ್‌ಗೆ ಮಾತ್ರ ಕಾಣುತ್ತದೆ, ಸರ್ವಿಸ್‌ಗೆ ಕಾಣುವುದಿಲ್ಲ. ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ದಾರಿ ಕೊಡಿ. ‘ಎನ್‌ಟಿ ಸರ್ವಿಸ್’ ಅಕೌಂಟು ಡೊಮೇನಿನೊಳಗೆ ಬೇರೆ ಮಷೀನಿಗೆ ಹೋಗುವಾಗ ಸರ್ವರಿನ ಕಂಪ್ಯೂಟರ್ ಅಕೌಂಟಾಗಿ ಹೋಗುತ್ತದೆ. ಆ ಹೆಸರಿನ ಕೊನೆಯಲ್ಲಿ ಡಾಲರ್ ಚಿಹ್ನೆ ಇರುತ್ತದೆ. ಅದಕ್ಕೆ ಶೇರ್ ಪರ್ಮಿಷನ್ (ನೆಟ್‌ವರ್ಕ್ ಮೂಲಕ ಬರುವವರಿಗೆ ಕೊಡುವುದು) ಮತ್ತು ಫೋಲ್ಡರ್ ಪರ್ಮಿಷನ್ (ಮೇಲೆ ಹೇಳಿದ ‘ಸೆಕ್ಯುರಿಟಿ’ಯಲ್ಲಿ ಕೊಡುವುದು) ಎರಡೂ ಬೇಕು, ಒಂದು ತಪ್ಪಿದರೂ ಅದೇ ಎರರ್.

ಇಷ್ಟೆಲ್ಲ ಸರಿಯಿದ್ದೂ ಎರರ್ 5 ಹೋಗದಿದ್ದರೆ ನೀವು ಕೊಟ್ಟ ದಾರಿಯನ್ನು ಇನ್ನೊಮ್ಮೆ ಓದಿ. ಫೈಲಿನ ಹೆಸರು ಬಿಟ್ಟು ಬರೀ ಫೋಲ್ಡರ್ ಹೆಸರು ಬರೆದಿದ್ದರೂ, ಅದೇ ಹೆಸರಿನ ಹಳೇ ಫೈಲ್ ‘ರೀಡ್ ಓನ್ಲಿ’ ಆಗಿದ್ದರೂ ಬರುವುದು ಇದೇ ‘ಆ್ಯಕ್ಸೆಸ್ ಡಿನೈಡ್’.