ಮಳೆ ತಡೆಯುವ ಲೈಟು ಬೆಂಕಿ ತಡೆಯುವುದಿಲ್ಲ

ಕರಾವಳಿಯಲ್ಲಿ ಹೊರಗಡೆ ಹಾಕುವ ಲೈಟು ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಮಳೆನೀರು ಒಳಗೆ ಹೋಗುತ್ತದಾ ಅಂತ. ಕೇಳಬೇಕಾದ್ದೇ. ಮಂಗಳೂರು, ಉಡುಪಿಯಲ್ಲಿ ನಾಲ್ಕು ತಿಂಗಳು ಮಳೆ ಅಡ್ಡಡ್ಡ ಹೊಡೆಯುತ್ತದೆ. ಉಳಿದ ದಿನ ಉಪ್ಪುಗಾಳಿ. ದಪ್ಪ ಗಾಜು, ಒಳ್ಳೆಯ ರಬ್ಬರ್ ವಾಷರ್, ಮೈಮೇಲೆ ‘ಐಪಿ 65’ ಅನ್ನುವ ಗುರುತು ಇದ್ದರೆ ಅಂಗಡಿಯವರು ಧೈರ್ಯವಾಗಿ ಕೊಡುತ್ತಾರೆ, ಕೊಂಡವರು ಎಲ್ಲಿ ಬೇಕೋ ಅಲ್ಲಿ ಹಾಕುತ್ತಾರೆ. ಆ ಜಾಗ ತಿನ್ನರ್ ಡಬ್ಬಗಳ ಕೋಣೆಯೋ, ರೆಸಿನ್ ಹಚ್ಚುತ್ತಿರುವ ಬೋಟಿನ ಹೊಟ್ಟೆಯೋ ಆದರೆ ಅಲ್ಲಿಂದ ಅಪಾಯ ಶುರು. ಯಾಕೆಂದರೆ ಐಪಿ 65ರಲ್ಲಿ 6 ಹೇಳುವುದು ಧೂಳಿನ ಬಗ್ಗೆ, 5 ಹೇಳುವುದು ನೀರಿನ ಬಗ್ಗೆ. ಹತ್ತಿಕೊಳ್ಳುವ ಆವಿಯ ಬಗ್ಗೆ ಆ ಗುರುತಿನಲ್ಲಿ ಏನೂ ಇಲ್ಲ.

ನೀರು ಹೋಗದ ಕಡೆ ಗ್ಯಾಸ್ ಹೇಗೆ ಹೋಗುತ್ತದೆ ಅಂತ ಅನ್ನಿಸಬಹುದು. ಹೋಗುತ್ತದೆ. ಲೈಟು ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಒಂದಿಷ್ಟು ಹೊರಗೆ ನುಸುಳುತ್ತದೆ. ಆರಿಸಿದಾಗ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಿನಾ ಇದೇ ನಡೆಯುತ್ತದೆ. ಹೊರಗಿನ ಗಾಳಿಯಲ್ಲಿ ಪೆಟ್ರೋಲ್ ಆವಿ ಇದ್ದರೆ ಅದೂ ನಿಧಾನಕ್ಕೆ ಒಳಗೆ ಸೇರುತ್ತದೆ. ಆಮೇಲೆ ಸಡಿಲವಾದ ಒಂದು ಹೋಲ್ಡರ್ ಕಿಡಿ ಹಾರಿಸಿದರೆ ಸಾಕು.

ಗ್ಯಾಸನ್ನು ಪೂರ್ತಿ ತಡೆಯುವುದು ನಂಬಿಕೆಗೆ ಅರ್ಹವಾದ ದಾರಿಯಲ್ಲ ಅಂತ ಎಂಜಿನಿಯರುಗಳು ಬಹಳ ಹಿಂದೆಯೇ ಒಪ್ಪಿಕೊಂಡರು. ನಮ್ಮಲ್ಲಿ ‘ಎಫ್‌ಎಲ್‌ಪಿ’ ಅಂತ ಕರೆಯುವ ಫ್ಲೇಮ್‌ಪ್ರೂಫ್ ಫಿಟ್ಟಿಂಗ್ ಹುಟ್ಟಿದ್ದು ಈ ಒಪ್ಪಿಗೆಯಿಂದ. ಗ್ಯಾಸ್ ಒಳಗೆ ಬರಲಿ, ಒಳಗೇ ಸ್ಫೋಟವೂ ಆಗಲಿ. ಪೆಟ್ಟಿಗೆ ಒಡೆಯಬಾರದು, ಬೆಂಕಿ ಹೊರಗೆ ದಾಟಬಾರದು, ಅಷ್ಟೆ. ಅದಕ್ಕೇ ಅದು ಅಷ್ಟು ದಪ್ಪ, ಅಷ್ಟು ಭಾರ. ಮುಚ್ಚಳ ಕೂರುವ ಕಡೆ ಎರಡು ಲೋಹದ ಮೈಗಳು ಅಗಲವಾಗಿ, ನುಣುಪಾಗಿ ಒಂದರ ಮೇಲೊಂದು ಕೂರುತ್ತವೆ. ನಡುವೆ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ. ಒಳಗೆ ಸ್ಫೋಟವಾದಾಗ ಬಿಸಿ ಗ್ಯಾಸ್ ಆ ಸಂದಿನಲ್ಲಿ ನುಗ್ಗುತ್ತದೆ. ಹೊರಗೆ ಬರುವಷ್ಟರಲ್ಲಿ ಲೋಹ ಅದರ ಶಾಖವನ್ನು ಹೀರಿಬಿಟ್ಟಿರುತ್ತದೆ. ಹೊರಗಿನ ಗ್ಯಾಸನ್ನು ಹೊತ್ತಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ.

ಈ ತತ್ವಕ್ಕೆ 200 ವರ್ಷ ದಾಟಿದೆ. 1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಸ್ಫೋಟವಾಗಿ 92 ಮಂದಿ ಸತ್ತರು. ಅವರಲ್ಲಿ ಹುಡುಗರೂ ಇದ್ದರು. ಗಣಿ ಕೆಲಸಕ್ಕೆ ಬೆಳಕು ಬೇಕು, ಆಗ ಬೆಳಕು ಅಂದರೆ ಬೆಂಕಿಯೇ. 1815ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಸುತ್ತಿದರು. ಬಲೆಯ ಲೋಹ ಶಾಖ ಹೀರುವುದರಿಂದ ಜ್ವಾಲೆ ಆಚೆ ದಾಟುವುದಿಲ್ಲ. ಮೋಂಬತ್ತಿಯ ಜ್ವಾಲೆಯ ಮೇಲೆ ಸ್ಟೀಲಿನ ಚಹಾ ಸೋಸುವ ಜರಡಿ ಹಿಡಿದರೆ ಇದೇ ಕಾಣಿಸುತ್ತದೆ, ಜ್ವಾಲೆ ಜರಡಿಯ ಕೆಳಗೇ ನಿಂತುಬಿಡುತ್ತದೆ. ಡೇವಿ ಇದಕ್ಕೆ ಪೇಟೆಂಟ್ ಕೂಡ ತೆಗೆದುಕೊಳ್ಳಲಿಲ್ಲ.

ಆದರೆ ಆಮೇಲೂ ಗಣಿಗಳಲ್ಲಿ ಸ್ಫೋಟ ನಿಲ್ಲಲಿಲ್ಲ. ಬಲೆ ತುಕ್ಕು ಹಿಡಿದು ತೂತಾಗುತ್ತಿತ್ತು. ಗಾಳಿ ಜೋರಾದರೆ ಜ್ವಾಲೆ ಬಲೆ ದಾಟುತ್ತಿತ್ತು. ದೀಪ ಇದೆಯಲ್ಲ ಅಂತ ಮೊದಲು ಯಾರೂ ಇಳಿಯದಿದ್ದ, ಗ್ಯಾಸ್ ಜಾಸ್ತಿ ಇರುವ ಕಡೆಗೂ ಜನರನ್ನು ಇಳಿಸಿದರು. ಉಪ್ಪುಗಾಳಿಯ ಊರಿನಲ್ಲಿರುವ ನಾವು ಈ ಭಾಗವನ್ನು ಸ್ವಲ್ಪ ಜಾಸ್ತಿಯೇ ಗಮನಿಸಬೇಕು.

ಯಾವ ಲೈಟು ಅನ್ನುವುದಕ್ಕೆ ಮೊದಲು ಯಾವ ಆವಿ ಅಂತ ಕೇಳಬೇಕು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಆವಿಗೆ ಸುಮಾರು ಶೇ. 1.4 ಸಾಕು. ಹೈಡ್ರೋಜನ್ ಶೇ. 4ರಿಂದ 75ರವರೆಗೂ ಉರಿಯುತ್ತದೆ. ಅಡುಗೆ ಗ್ಯಾಸಿನಲ್ಲಿರುವ ಪ್ರೊಪೇನನ್ನು ಹೊತ್ತಿಸಲು ಒಂದು ಮಿಲಿಜೂಲ್‌ನ ಕಾಲು ಭಾಗ ಶಕ್ತಿಯ ಕಿಡಿ ಸಾಕು, ಹೈಡ್ರೋಜನ್‌ಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಬಾಗಿಲ ಹಿಡಿ ಮುಟ್ಟಿದಾಗ ಕೈಗೆ ಚುರ್ ಅನ್ನಿಸುವ ಕಿಡಿಯಲ್ಲೂ ಇದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ. ಪ್ರೊಪೇನ್ ಬೆಂಕಿ ಸುಮಾರು 0.9 ಮಿಲಿಮೀಟರ್‌ಗಿಂತ ಕಿರಿದಾದ ಸಂದಿನಲ್ಲಿ ನಂದಿಹೋಗುತ್ತದೆ, ಹೈಡ್ರೋಜನ್ ಬೆಂಕಿಯನ್ನು ನಿಲ್ಲಿಸಲು ಸಂದು 0.3 ಮಿಲಿಮೀಟರ್‌ಗಿಂತಲೂ ಕಿರಿದಾಗಬೇಕು. ಹಾಗಾಗಿ ಪ್ರೊಪೇನ್ ಇರುವ ಕಡೆಗೆ ಮಾಡಿದ ಎಫ್‌ಎಲ್‌ಪಿ ಲೈಟನ್ನು ಹೈಡ್ರೋಜನ್ ಇರುವ ಕಡೆ ಹಾಕುವಂತಿಲ್ಲ.

ಫಿಟ್ಟಿಂಗಿನ ಮೈಗೆ ಹಚ್ಚಿದ ಫಲಕದ ಮೇಲೆ ಇದೆಲ್ಲ ಬರೆದಿರುತ್ತದೆ. ‘ಎಕ್ಸ್ ಡಿಬಿ ಐಐಬಿ ಟಿ4’ ಅಂತಿದ್ದರೆ ‘ಎಕ್ಸ್’ ಅಂದರೆ ಸ್ಫೋಟದ ಅಪಾಯ ಇರುವ ಜಾಗಕ್ಕೆಂದು ಮಾಡಿದ್ದು, ‘ಡಿ’ ಅಂದರೆ ಫ್ಲೇಮ್‌ಪ್ರೂಫ್. ‘ಐಐಎ’ ಪ್ರೊಪೇನ್, ಪೆಟ್ರೋಲ್ ಗುಂಪು, ‘ಐಐಬಿ’ ಎಥಿಲೀನ್ ಗುಂಪು, ‘ಐಐಸಿ’ ಹೈಡ್ರೋಜನ್ ಮತ್ತು ಅಸಿಟಿಲೀನ್ ಗುಂಪು. ‘ಟಿ’ ಹೇಳುವುದು ಲೈಟಿನ ಮೈ ಎಷ್ಟು ಬಿಸಿಯಾಗಬಹುದು ಅಂತ. ಟಿ1 ಅಂದರೆ 450 ಡಿಗ್ರಿ ಸೆಲ್ಸಿಯಸ್, ಟಿ3 ಅಂದರೆ 200, ಟಿ4 ಅಂದರೆ 135, ಟಿ6 ಅಂದರೆ 85. ಹೊತ್ತಿಕೊಳ್ಳಲು ಕಿಡಿಯೇ ಆಗಬೇಕೆಂದಿಲ್ಲ, ಬಿಸಿ ಮೈ ಸಾಕು ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಹ್ಯಾಲೊಜೆನ್ ಬಲ್ಬಿನ ಗಾಜು ಕೆಲಸ ಮಾಡಬೇಕಾದರೇ 250 ಡಿಗ್ರಿ ದಾಟಬೇಕು. ನಮ್ಮ ದೇಶದಲ್ಲಿ ಪೆಟ್ರೋಲಿಯಂ ಜಾಗಗಳ ಇಂಥ ಉಪಕರಣಕ್ಕೆ ಒಪ್ಪಿಗೆ ಕೊಡುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೋ ಸಂಸ್ಥೆ. ಆ ಪ್ರಮಾಣಪತ್ರದ ಪ್ರತಿ ಕೇಳುವುದು ಕೊಳ್ಳುವವರ ಹಕ್ಕು, ಸಂಕೋಚ ಪಡಬೇಕಾಗಿಲ್ಲ.

ಎಂಆರ್‌ಪಿಎಲ್‌ನಂಥ ರಿಫೈನರಿ, ಪಣಂಬೂರಿನ ತೈಲ ಜೆಟ್ಟಿ, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ನೆಲದಡಿಯ ಗುಹೆಗಳು, ಇಂಥ ಕಡೆ ಯಾವ ಜಾಗದಲ್ಲಿ ಆವಿ ಯಾವಾಗಲೂ ಇರುತ್ತದೆ, ಎಲ್ಲಿ ಆಗಾಗ, ಎಲ್ಲಿ ಅಪರೂಪಕ್ಕೆ ಅಂತ ನಕ್ಷೆಯ ಮೇಲೆ ಗುರುತು ಮಾಡುತ್ತಾರೆ. ಝೋನ್ 0, 1, 2 ಅನ್ನುವುದು ಇದನ್ನೇ. ಲೈಟು ಆ ನಕ್ಷೆಯ ಪ್ರಕಾರ ಬರುತ್ತದೆ. ನನಗೆ ಜಾಸ್ತಿ ಚಿಂತೆ ಇರುವುದು ಯಾರೂ ನಕ್ಷೆ ಬರೆಯದ ಸಣ್ಣ ಜಾಗಗಳ ಬಗ್ಗೆ.

ಬೋಟು ಕಟ್ಟುವ, ರಿಪೇರಿ ಮಾಡುವ ಯಾರ್ಡುಗಳನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ. ರಿಪೇರಿಗೆ ಸಿಗುವುದು ಅದೇ ಸಮಯ, ಜೋರು ಮಳೆಯ ಸಮಯವೂ ಅದೇ. ತಾರ್ಪಾಲು ಮುಚ್ಚಿ, ಕತ್ತಲಲ್ಲಿ ದೀಪ ಹಾಕಿಕೊಂಡು ಫೈಬರ್ ಕೆಲಸ ಮಾಡಬೇಕು. ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಬ್ರಶ್ ತೊಳೆಯುವ ಅಸಿಟೋನ್ ಆವಿ ಎರಡು ಪಟ್ಟು ಭಾರ, ಅಸಿಟೋನ್ ನಮ್ಮೂರಿನ ಯಾವ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಭಾರವಾದ ಆವಿ ಬೋಟಿನ ತಳದಲ್ಲಿ ನಿಲ್ಲುತ್ತದೆ. ಕೆಲಸದವರು ಕುಕ್ಕರುಗಾಲಿನಲ್ಲಿ ಕೂರುವುದೂ ಅಲ್ಲೇ, ವಯರು ಎಳೆದು ಬಲ್ಬು ತೂಗು ಹಾಕುವುದೂ ಅಲ್ಲೇ.

ಇಲ್ಲಿ ದುಬಾರಿ ಫಿಟ್ಟಿಂಗ್ ಕೊಳ್ಳುವುದಕ್ಕೆ ಮೊದಲು ಮಾಡುವ ಎರಡು ಕೆಲಸ ಇದೆ. ಹೊರಗೆ ನಿಲ್ಲಿಸಿದ ಬ್ಲೋವರ್‌ನಿಂದ ಪೈಪಿನ ಮೂಲಕ ತಳಕ್ಕೆ ಒಳ್ಳೆಯ ಗಾಳಿ ಬಿಡುವುದು ಒಂದು. ಲೈಟನ್ನು ಬೋಟಿನ ಹೊರಗೆ, ಎತ್ತರದಲ್ಲಿ, ಆವಿ ಮುಟ್ಟದ ದೂರದಲ್ಲಿ ನಿಲ್ಲಿಸಿ ಬೆಳಕನ್ನು ಮಾತ್ರ ಒಳಗೆ ಕಳಿಸುವುದು ಇನ್ನೊಂದು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ‘ಸುರಕ್ಷಿತ ಲೈಟು’ ಇಲ್ಲ. ಒಳಗೆ ಹ್ಯಾಂಡ್ ಲ್ಯಾಂಪ್ ಬೇಕೇ ಬೇಕು ಅಂತಾದರೆ 1948ರ ಫ್ಯಾಕ್ಟರಿ ಕಾಯ್ದೆ ತೋರಿಸಿದ ದಾರಿ ಇದೆ. ಟ್ಯಾಂಕಿನಂಥ ಇಕ್ಕಟ್ಟಿನ ಜಾಗದಲ್ಲಿ ಕೈಯಲ್ಲಿ ಹಿಡಿಯುವ ದೀಪ 24 ವೋಲ್ಟ್ ಮೀರಬಾರದು, ಹೊತ್ತಿಕೊಳ್ಳುವ ಆವಿ ಇರಬಹುದಾದರೆ ಅದು ಫ್ಲೇಮ್‌ಪ್ರೂಫ್ ಆಗಿರಬೇಕು. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹೊರಗೇ ಇರಬೇಕು.

ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಏಳುವುದು ಹೈಡ್ರೋಜನ್, ಅದು ನೇರ ಛಾವಣಿಗೆ ಹೋಗುತ್ತದೆ. ಲೈಟು ಇರುವುದೂ ಛಾವಣಿಯಲ್ಲೇ, ಅಲ್ವಾ? ಮೇಲ್ಗಡೆ ಗಾಳಿ ಹೊರಹೋಗುವ ದಾರಿ ಇರಲೇಬೇಕು, ಲೈಟು ಛಾವಣಿಯಡಿ ಸಿಕ್ಕಿಕೊಂಡ ಗ್ಯಾಸಿನ ನಡುವೆ ಇರಬಾರದು. ಐಸ್ ಪ್ಲಾಂಟಿನ ಅಮೋನಿಯ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ ಶೇ. 15 ಆದರೂ ಬೇಕು. ಆದರೆ ಅದು ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಅಲ್ಲಿಗೆ ಹಿತ್ತಾಳೆಯ ಕೇಬಲ್ ಗ್ಲ್ಯಾಂಡ್ (ವಯರು ಒಳಗೆ ಹೋಗುವ ಕಡೆ ಬಿಗಿ ಹಿಡಿಯುವ ಭಾಗ) ಬೇಡ, ಸ್ಟೇನ್‌ಲೆಸ್ ಸ್ಟೀಲಿನದ್ದು ಕೇಳಿ.

ಹುಡಿಯ ವಿಷಯವೇ ಬೇರೆ. 1785ರ ಡಿಸೆಂಬರ್ 14ರಂದು ಇಟಲಿಯ ಟ್ಯೂರಿನ್ನಿನ ಒಂದು ಬೇಕರಿಯ ಹಿಟ್ಟಿನ ಗೋದಾಮಿನಲ್ಲಿ ಸ್ಫೋಟವಾಯಿತು. ಹುಡುಗನೊಬ್ಬ ದೀಪದ ಬೆಳಕಿನಲ್ಲಿ ಹಿಟ್ಟು ತೋಡುತ್ತಿದ್ದ, ಹಿಟ್ಟು ಕುಸಿದು ಹುಡಿ ಎದ್ದಿತು, ದೀಪದಿಂದ ಹೊತ್ತಿಕೊಂಡಿತು. ಮರದ ಮಿಲ್ಲಿನ ನಯವಾದ ಹುಡಿಯೂ ಹಾಗೆಯೇ ಹೊತ್ತಿಕೊಳ್ಳಬಲ್ಲದು. ಇಂಥ ಕಡೆ ಉಪಾಯ ಗ್ಯಾಸಿನದ್ದಕ್ಕೆ ಉಲ್ಟಾ, ಹುಡಿಯನ್ನು ಒಳಗೆ ಬಿಡಲೇಬಾರದು. ಐಪಿ ಅಂಕಿಗೆ ಇಲ್ಲಿ ಬೆಲೆ ಇದೆ, ಮೊದಲ ಅಂಕಿ 6 ಇರಬೇಕಾಗುತ್ತದೆ. ಅದಷ್ಟೇ ಸಾಲದು. ಲೈಟಿನ ಮೇಲೆ ಕೂತ ಹುಡಿ ಕಂಬಳಿ ಹೊದೆಸಿದ ಹಾಗೆ ಶಾಖವನ್ನು ಹಿಡಿದಿಡುತ್ತದೆ, ಕೊನೆಗೆ ತಾನೇ ಕನಲಲು ಶುರುಮಾಡುತ್ತದೆ. ಹುಡಿಗೆಂದೇ ಪರೀಕ್ಷೆ ಮಾಡಿದ ಲೈಟು ಬೇಕು, ವಾರವಾರ ಒರೆಸುವ ಜನವೂ ಬೇಕು.

ಎಲ್‌ಇಡಿ ಬಂದ ಮೇಲೆ ‘ಬಿಸಿಯೇ ಆಗುವುದಿಲ್ಲ, ಇನ್ನೇನು ಭಯ’ ಅನ್ನುವ ಮಾತು ಕೇಳಿಬರುತ್ತಿದೆ. ಎದುರಿನ ಗಾಜು ತಣ್ಣಗಿರುತ್ತದೆ, ನಿಜ. ಹಿಂದೆ ಎಲ್‌ಇಡಿಗೆ ಕರೆಂಟು ಹದಮಾಡಿ ಕೊಡುವ ಡ್ರೈವರ್ ಇದೆ, ಕರೆಂಟಿನ ಜೋಡಣೆಗಳಿವೆ. ಪ್ರಮಾಣಪತ್ರವೂ, ಅದರಲ್ಲಿ ಬೇರೆ ಅಂಕಿ ಬರೆಯದಿದ್ದರೆ, ಸುತ್ತಲಿನ ಗಾಳಿ 40 ಡಿಗ್ರಿ ದಾಟದು ಅನ್ನುವ ಲೆಕ್ಕದ್ದು. ಏಪ್ರಿಲ್ ಬಿಸಿಲಿನ ತಗಡಿನ ಮಾಡಿನಡಿ ಆ ಲೆಕ್ಕ ತಪ್ಪಬಹುದು. ಎಲ್‌ಇಡಿಯೇ ಕೊಳ್ಳಿ, ಆದರೆ ಎಕ್ಸ್ ಗುರುತು ಇರುವುದನ್ನೇ ಕೊಳ್ಳಿ.

ಸರಿಯಾದ ಲೈಟು ಬಂದು ಕೂತ ಮೇಲೂ ಉಪ್ಪುಗಾಳಿ ತನ್ನ ಕೆಲಸ ಬಿಡುವುದಿಲ್ಲ. ಅಲ್ಯೂಮಿನಿಯಂ ಪೆಟ್ಟಿಗೆಯಾದರೆ ತಾಮ್ರ ತೀರಾ ಕಡಿಮೆ ಇರುವ ಎಲ್‌ಎಂ6 ಮಿಶ್ರಲೋಹದ್ದು ಕರಾವಳಿಗೆ ಒಳ್ಳೆಯದು. ಆದರೂ ಮುಚ್ಚಳದ ಆ ನುಣುಪು ಮೈಯಲ್ಲಿ ಬಿಳಿ ಹುಡಿ ಏಳುತ್ತದೆ, ಗುಂಡಿ ಬೀಳುತ್ತದೆ. ಗುಂಡಿ ಬಿತ್ತೆಂದರೆ ಬೆಂಕಿಗೆ ದಾರಿ ಅಗಲವಾಯಿತು. ಮಳೆ ಬರಬಾರದು ಅಂತ ಅಲ್ಲಿಗೆ ಸಿಲಿಕಾನ್ ಅಂಟು ಮೆತ್ತುವುದು, ಬಣ್ಣ ಬಳಿಯುವುದು, ತೆಳು ರಬ್ಬರ್ ಹಾಳೆ ಕತ್ತರಿಸಿ ಇಡುವುದು, ಇವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸಗಳು. ಆದರೆ ಅಳತೆಗೆ ಕೆತ್ತಿದ ಸಂದು ಅದರಿಂದ ಕೆಡುತ್ತದೆ. ತಯಾರಕರು ಹೇಳಿದ, ಗಟ್ಟಿಯಾಗದ ಗ್ರೀಸನ್ನು ತೆಳ್ಳಗೆ ಸವರಬೇಕು, ಅಷ್ಟೇ. ಹೊಸ ವಯರಿಗೆಂದು ಡ್ರಿಲ್ ಹಾಕಿ ಇನ್ನೊಂದು ತೂತು ಮಾಡಿದರೆ ಅದು ಅಂದಿನಿಂದ ಎಫ್‌ಎಲ್‌ಪಿ ಅಲ್ಲ, ಸುಮ್ನೆ ಒಂದು ಭಾರದ ಪೆಟ್ಟಿಗೆ. ಒಡೆದ ಗಾಜಿನ ಬದಲು ಪೇಟೆಯ ಗಾಜು ಹಾಕಿದರೂ ಅಷ್ಟೇ.

ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಒಮ್ಮೆ ಕರೆಂಟು ತೆಗೆದು, ತಣ್ಣಗಾಗಲು ಬಿಟ್ಟು, ಗ್ಯಾಸ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪ್ರತಿಯೊಂದನ್ನೂ ಬಿಚ್ಚಿ ನೋಡಬೇಕು. ಬೋಲ್ಟುಗಳನ್ನು ಎಣಿಸಬೇಕು. ಆರು ಇರಬೇಕಾದಲ್ಲಿ ಐದು ಇದ್ದರೆ, ಅದೇ ದರ್ಜೆಯ ಆರನೆಯ ಬೋಲ್ಟು ಬರುವವರೆಗೆ ಆ ಲೈಟಿಗೆ ಮತ್ತೆ ಕರೆಂಟು ಕೊಡಬೇಡಿ.